ಹದಿಮೂರು ಅನ್ನೋ ಗೇಟು: ಮಕ್ಕಳ ಇಂಟರ್‌ನೆಟ್‌ಗೆ ವಯಸ್ಸಿನ ಗೆರೆ ಎಳೆದೋರು ಯಾರು?

(ಸಂಚಿಕೆಯ ಬರಹ ರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಇವತ್ತು ಒಂದು ಪ್ರಶ್ನೆಯಿಂದಲೇ ಶುರು ಮಾಡೋಣ. ನಿಮ್ಮ ಮೊಟ್ಟಮೊದಲ ಸೋಷಿಯಲ್ ಮೀಡಿಯಾ ಅಕೌಂಟ್ ಓಪನ್ ಮಾಡಿದಾಗ, ಹುಟ್ಟಿದ ಇಸವಿ ಯಾವುದು ಅಂತ ಹಾಕಿದ್ರಿ? ನಿಜವಾದದ್ದಾ, ಅಥವಾ ಎರಡು ಮೂರು ವರ್ಷ ಹಿಂದಕ್ಕೆ ತಳ್ಳಿದ್ರಾ?

ಉತ್ತರ ನನಗೆ ಹೇಳಬೇಕಾಗಿಲ್ಲ. ಈಗ ಕೇಳ್ತಿರೋರಲ್ಲಿ ತುಂಬಾ ಜನ ಮನಸ್ಸಲ್ಲೇ ನಗ್ತಿರ್ತೀರಿ. ಆದರೆ ಒಂದು ವಿಷಯ ಯೋಚಿಸಿ. 13 ವರ್ಷ ಆಗದೇ ಇದ್ರೆ ಅಕೌಂಟ್ ಕೊಡಲ್ಲ ಅಂತಾರಲ್ಲ, ಆ 13 ಎಲ್ಲಿಂದ ಬಂತು? ಮನಃಶಾಸ್ತ್ರಜ್ಞರು ಸಂಶೋಧನೆ ಮಾಡಿ ಹೇಳಿದ್ರಾ? ಡಾಕ್ಟರುಗಳು ಹೇಳಿದ್ರಾ? ಇಬ್ಬರೂ ಹೇಳಿದ್ದಲ್ಲ. ಅದು ಬಂದಿದ್ದು ಅಮೆರಿಕದ ಸಂಸತ್ತಿನಲ್ಲಿ ನಡೆದ ಒಂದು ಚೌಕಾಸಿಯಿಂದ. ಆ ಚೌಕಾಸಿ ನಡೆದಿದ್ದು 1998ರಲ್ಲಿ. ಆಗ ಫೇಸ್‌ಬುಕ್ ಇರಲಿಲ್ಲ, ಯೂಟ್ಯೂಬ್ ಇರಲಿಲ್ಲ, ಸ್ಮಾರ್ಟ್‌ಫೋನ್ ಅನ್ನೋದು ಜನರ ಕೈಗೆ ಬಂದೇ ಇರಲಿಲ್ಲ. ಅಂಥಾ ಕಾಲದ ಒಂದು ನಂಬರ್ ಇವತ್ತಿಗೂ ಕಲಬುರಗಿಯ, ಮಡಿಕೇರಿಯ ಮಕ್ಕಳ ಫೋನಿನೊಳಗೆ ಕೂತಿದೆ. ಇವತ್ತಿನ ಸಂಚಿಕೆ ಆ ನಂಬರಿನ ಚರಿತ್ರೆ.

ಮೊದಲು ಬಂದಿದ್ದು ಭಯ

1995ಕ್ಕೆ ಹೋಗೋಣ. ಅಮೆರಿಕದ ಮನೆಗಳಿಗೆ ಇಂಟರ್‌ನೆಟ್ ಆಗಷ್ಟೇ ಕಾಲಿಡ್ತಿತ್ತು. ಫೋನ್ ಲೈನ್ ಮೂಲಕ, ಕಿರ್ ಕಿರ್ ಅಂತ ಸದ್ದು ಮಾಡ್ಕೊಂಡು ಕನೆಕ್ಟ್ ಆಗೋ ಕಾಲ. ಆ ವರ್ಷದ ಜುಲೈನಲ್ಲಿ 'ಟೈಮ್' ಪತ್ರಿಕೆ ಒಂದು ಮುಖಪುಟ ಲೇಖನ ಹಾಕ್ತು. ವಿಷಯ, ಇಂಟರ್‌ನೆಟ್‌ನಲ್ಲಿರೋ ಅಶ್ಲೀಲ ಚಿತ್ರಗಳು. ಮುಖಪುಟದಲ್ಲಿ ಕಂಪ್ಯೂಟರ್ ಮುಂದೆ ಬೆಚ್ಚಿಬಿದ್ದು ಕೂತ ಒಬ್ಬ ಪುಟ್ಟ ಹುಡುಗನ ಮುಖ.

ಆ ಲೇಖನಕ್ಕೆ ಆಧಾರ ಆಗಿದ್ದು ಕಾರ್ನೆಗಿ ಮೆಲಾನ್ ವಿಶ್ವವಿದ್ಯಾಲಯದ ಒಬ್ಬ ಪದವಿ ವಿದ್ಯಾರ್ಥಿಯ ಅಧ್ಯಯನ. ಕೆಲವೇ ವಾರಗಳಲ್ಲಿ ಡೋನಾ ಹಾಫ್‌ಮನ್, ಥಾಮಸ್ ನೋವಾಕ್ ಅನ್ನೋ ಸಂಶೋಧಕರು ಆ ಅಧ್ಯಯನದ ಲೆಕ್ಕಾಚಾರದಲ್ಲೇ ತಪ್ಪಿದೆ ಅಂತ ಬಿಡಿಸಿ ಬಿಡಿಸಿ ತೋರಿಸಿದ್ರು. ಆದರೆ ಅಷ್ಟೊತ್ತಿಗಾಗಲೇ ಆ ಅಂಕಿ ಅಂಶ ಅಮೆರಿಕದ ಸೆನೆಟ್ ಒಳಗೆ ಪ್ರಸ್ತಾಪ ಆಗಿತ್ತು. 1996ರ ಫೆಬ್ರವರಿಯಲ್ಲಿ ಕಾನೂನೂ ಬಂತು. ಮಕ್ಕಳ ಕಣ್ಣಿಗೆ ಬೀಳೋ ಹಾಗೆ 'ಅಸಭ್ಯ' ವಿಷಯ ಹಾಕಿದ್ರೆ ಅಪರಾಧ ಅಂತ.

ಅಸಭ್ಯ ಅಂದ್ರೆ ಏನು? ಕಾನೂನು ಸರಿಯಾಗಿ ಹೇಳಲೇ ಇಲ್ಲ. ಏಡ್ಸ್ ಬಗ್ಗೆ ಮಾಹಿತಿ ಕೊಟ್ರೆ ಅದೂ ಅಸಭ್ಯವಾ? 1997ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಭಾಗವನ್ನ ರದ್ದು ಮಾಡ್ತು. ಮಕ್ಕಳನ್ನ ಕಾಪಾಡೋ ಹೆಸರಲ್ಲಿ ದೊಡ್ಡವರ ಮಾತಿನ ಸ್ವಾತಂತ್ರ್ಯವನ್ನೇ ಕಿತ್ಕೊಳ್ಳೋ ಹಾಗಿಲ್ಲ ಅನ್ನೋದು ಆ ತೀರ್ಪಿನ ಸಾರ.

ಈ ಮಾದರಿ ನೆನಪಲ್ಲಿಟ್ಕೊಳ್ಳಿ. ಒಂದು ಗಾಬರಿ, ಅದರ ಹಿಂದೆ ಒಂದು ಕಳಪೆ ಅಂಕಿ ಅಂಶ, ಅದರ ಹಿಂದೆ ಅವಸರದ ಕಾನೂನು. ಇದನ್ನ ನಾವು ಮತ್ತೆ ಮತ್ತೆ ನೋಡ್ತೀವಿ.

ಎರಡನೇ ಪ್ರಯತ್ನ: ಚಿತ್ರ ಅಲ್ಲ, ಮಾಹಿತಿ

ಇದೇ ಹೊತ್ತಿಗೆ ಇನ್ನೊಂದು ಗುಂಪು ಬೇರೆ ಅಪಾಯದ ಕಡೆ ಬೆರಳು ತೋರಿಸ್ತಿತ್ತು. ಕ್ಯಾಥರಿನ್ ಮಾಂಟ್ಗೊಮೆರಿ ಅನ್ನೋರ ಸಂಸ್ಥೆ 1996ರಲ್ಲಿ ಒಂದು ವರದಿ ತಂತು. ಮಕ್ಕಳ ವೆಬ್‌ಸೈಟುಗಳು ಆಟ ಆಡಿಸೋ ನೆಪದಲ್ಲಿ ಮಾಹಿತಿ ಎತ್ತುತ್ತಿವೆ ಅನ್ನೋದು ಅದರ ದೂರು. ಹೆಸರು ಏನು, ಇಮೇಲ್ ಏನು, ನಿನಗೆ ಯಾವ ಆಟಿಕೆ ಇಷ್ಟ? ಪ್ರಶ್ನಾವಳಿ ತುಂಬಿದ್ರೆ ಪಾಯಿಂಟ್ಸ್ ಸಿಗುತ್ತೆ. ಮಗುವಿಗೆ ಅದು ಆಟ, ಕಂಪನಿಗೆ ಅದು ಮಾರ್ಕೆಟ್ ಸರ್ವೆ.

ಅಮೆರಿಕದ ವ್ಯಾಪಾರ ಆಯೋಗ, ಅಂದ್ರೆ ಫೆಡರಲ್ ಟ್ರೇಡ್ ಕಮಿಷನ್, 1998ರಲ್ಲಿ ಸುಮಾರು 1,400 ವೆಬ್‌ಸೈಟುಗಳನ್ನ ಪರಿಶೀಲಿಸ್ತು. ಅದರಲ್ಲಿ ಮಕ್ಕಳಿಗಂತಲೇ ಇದ್ದ ಸೈಟುಗಳ ಪೈಕಿ ಶೇ 89ರಷ್ಟು ಮಕ್ಕಳಿಂದಲೇ ವೈಯಕ್ತಿಕ ಮಾಹಿತಿ ತಗೊಳ್ತಿದ್ವು. ಆ ಮಾಹಿತಿಯ ಮೇಲೆ ಅಪ್ಪ ಅಮ್ಮನಿಗೆ ಏನಾದ್ರೂ ಹಿಡಿತ ಕೊಡ್ತಿದ್ದ ಸೈಟುಗಳು ಶೇ 10ಕ್ಕಿಂತ ಕಡಿಮೆ.

ಇದರಿಂದ ಹುಟ್ಟಿದ್ದೇ ಕೋಪಾ ಅನ್ನೋ ಕಾನೂನು. ಮಕ್ಕಳ ಆನ್‌ಲೈನ್ ಖಾಸಗಿತನ ರಕ್ಷಣಾ ಕಾಯ್ದೆ ಅಂತ ಕನ್ನಡದಲ್ಲಿ ಹೇಳಬಹುದು. 1998ರ ಅಕ್ಟೋಬರ್ 21ಕ್ಕೆ ಸಹಿ ಆಯ್ತು, 2000ದ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಇದರ ಮೂಲ ಮಾತು ಸರಳ. 13 ವರ್ಷದೊಳಗಿನ ಮಗುವಿನ ಮಾಹಿತಿ ತಗೋಬೇಕು ಅಂದ್ರೆ ಪೋಷಕರ ಒಪ್ಪಿಗೆ ತಗೊಳ್ಳಿ.

ಇಲ್ಲೇ ಇರೋದು ಸ್ವಾರಸ್ಯ. ಶುರುವಿನಲ್ಲಿ ಮಸೂದೆಯಲ್ಲಿದ್ದ ಗಡಿ 16 ವರ್ಷ. ಅದಕ್ಕೆ ಎರಡು ಕಡೆಯಿಂದ ವಿರೋಧ ಬಂತು. ಒಂದು ವ್ಯಾಪಾರಸ್ಥರಿಂದ. ಅದು ಊಹಿಸಬಹುದಾದದ್ದೇ. ಇನ್ನೊಂದು ನಾಗರಿಕ ಹಕ್ಕುಗಳ ಹೋರಾಟಗಾರರಿಂದ! ಅವರ ವಾದ ಹೀಗಿತ್ತು: 15 ವರ್ಷದ ಹುಡುಗಿ ಮನೆಯಲ್ಲೇ ಹಿಂಸೆ ಅನುಭವಿಸ್ತಿದ್ದಾಳೆ ಅಂತ ಇಟ್ಕೊಳ್ಳಿ. ಅವಳು ಸಹಾಯಕ್ಕೆ ಅಂತ ಇಂಟರ್‌ನೆಟ್‌ಗೆ ಬಂದ್ರೆ, ಅದಕ್ಕೂ ಅಪ್ಪನ ಒಪ್ಪಿಗೆ ಕೇಳ್ತೀರಾ? ಅದಕ್ಕೆ ಉತ್ತರ ಕೊಡೋದು ಕಷ್ಟ ಆಯ್ತು. ಕೊನೆಗೆ ಗಡಿ 13ಕ್ಕೆ ಇಳೀತು.

ಆ ಪ್ರಶ್ನೆ ಹಳೇದಾಗಿಲ್ಲ. ಯಾಕೆ ಅನ್ನೋದನ್ನ ಮುಂದೆ ನೋಡೋಣ.

ಚಾಪೆ ಕೆಳಗೆ, ರಂಗೋಲಿ ಕೆಳಗೆ

ಈಗ ಕಾನೂನು ಬಂತಲ್ಲ, ಕಂಪನಿಗಳು ಏನ್ ಮಾಡಿದ್ವು? ಪ್ರತಿ ಮಗುವಿನ ಪೋಷಕರ ಒಪ್ಪಿಗೆ ತಗೊಳ್ಳೋದು ದುಬಾರಿ ಕೆಲಸ. ಅದಕ್ಕಿಂತ ಸುಲಭ ಏನು? 13ಕ್ಕಿಂತ ಕಡಿಮೆ ಇದ್ರೆ ಬರಬೇಡಿ ಅಂತ ಬೋರ್ಡ್ ಹಾಕಿಬಿಡೋದು. ಇನ್ನೊಂದು ಅನುಕೂಲವೂ ಇತ್ತು. ಎಲ್ಲ ವಯಸ್ಸಿನೋರೂ ಬಳಸೋ ಸೈಟಿನಲ್ಲಿ, ಈತ ಮಗು ಅಂತ ಕಂಪನಿಗೆ ನಿಜವಾಗಿ ಗೊತ್ತಿದ್ರೆ ಮಾತ್ರ ಹೊಣೆ. ಹಾಗಾಗಿ ಗೊತ್ತು ಮಾಡ್ಕೊಳ್ಳೋಕೆ ಹೋಗದೇ ಇರೋದೇ ಲಾಭ.

ಖಾಸಗಿತನ ಕಾಪಾಡಿ ಅಂತ ಬಂದ ಕಾನೂನು ಹೀಗೆ ವಯಸ್ಸಿನ ಗೇಟ್ ಆಗಿ ನಿಂತ್ಕೊಳ್ತು. ಗೇಟ್ ಕಾಯೋಕೆ ಯಾರೂ ಇಲ್ಲ, ಒಂದು ಡ್ರಾಪ್ ಡೌನ್ ಮೆನು ಮಾತ್ರ. 2006ರಲ್ಲಿ ಫೇಸ್‌ಬುಕ್ ಎಲ್ಲರಿಗೂ ಬಾಗಿಲು ತೆರೆದಾಗಲೂ ಅದೇ 13. ಆಮೇಲೆ ಬಂದವರೂ ಅದನ್ನೇ ಹಿಡ್ಕೊಂಡ್ರು.

ಮಕ್ಕಳು ಸುಮ್ನಿರ್ತಾರಾ? ನೀನು ಚಾಪೆ ಕೆಳಗೆ ತೂರಿದ್ರೆ ನಾನು ರಂಗೋಲಿ ಕೆಳಗೆ ತೂರ್ತೀನಿ ಅಂದ್ರು. 2011ರಲ್ಲಿ ಡಾನಾ ಬಾಯ್ಡ್ ಮತ್ತು ಸಹ ಸಂಶೋಧಕರು ಅಮೆರಿಕದ 1,007 ಪೋಷಕರನ್ನ ಮಾತಾಡಿಸಿ ಒಂದು ಅಧ್ಯಯನ ಮಾಡಿದ್ರು. ಗಡಿಗಿಂತ ಚಿಕ್ಕ ಮಕ್ಕಳು ಫೇಸ್‌ಬುಕ್‌ನಲ್ಲಿದ್ರು, ಅದು ಪೋಷಕರಿಗೂ ಗೊತ್ತಿತ್ತು, ಅವರಲ್ಲಿ ಬಹಳ ಜನ ತಾವೇ ಕೂತು ಅಕೌಂಟ್ ಮಾಡಿಕೊಟ್ಟಿದ್ರು. ಅಂದ್ರೆ ಇಂಟರ್‌ನೆಟ್‌ಗೆ ಕಾಲಿಡೋ ಮೊದಲ ಹೆಜ್ಜೆಯಲ್ಲೇ ಮಕ್ಕಳು ಕಲಿತ ಪಾಠ, ಇಲ್ಲಿ ಸುಳ್ಳು ಹೇಳಿದ್ರೆ ನಡೆಯುತ್ತೆ ಅನ್ನೋದು. ಅದನ್ನ ಕಲಿಸಿದ್ದು ಮನೆಯವರೇ.

ಆ ಸುಳ್ಳಿಗೆ ಒಂದು ಬೆಲೆನೂ ಇದೆ. 10 ವರ್ಷದ ಹುಡುಗ 13 ಅಂತ ಹಾಕಿದ್ರೆ, ಅವನಿಗೆ 15 ಆದಾಗ ಆ್ಯಪ್ ಲೆಕ್ಕದಲ್ಲಿ 18. ಅಪ್ರಾಪ್ತರಿಗೆ ಅಂತ ಇರೋ ಸುರಕ್ಷತಾ ಸೆಟ್ಟಿಂಗ್‌ಗಳೆಲ್ಲ ಅವನಿಗೆ ಅನ್ವಯ ಆಗಲ್ಲ. ಜಾಹೀರಾತು, ಅಪರಿಚಿತರ ಮೆಸೇಜು, ಎಲ್ಲಾ ದೊಡ್ಡೋರಿಗೆ ಬರೋ ಹಾಗೆ ಬರುತ್ತೆ.

ಕಂಪನಿಗಳ ಮೇಲೆ ದಂಡ ಬಿದ್ದಿದ್ದೂ ಇದೆ. ಮಕ್ಕಳ ಮಾಹಿತಿ ಎತ್ತಿದ್ದಕ್ಕೆ 2019ರಲ್ಲಿ ಗೂಗಲ್ ಮತ್ತು ಯೂಟ್ಯೂಬ್ 17 ಕೋಟಿ ಡಾಲರ್ ಕಟ್ಟೋಕೆ ಒಪ್ಪಿದ್ವು. 2022ರಲ್ಲಿ ಫೋರ್ಟ್‌ನೈಟ್ ಆಟದ ಎಪಿಕ್ ಗೇಮ್ಸ್ 27.5 ಕೋಟಿ ಡಾಲರ್ ಕಟ್ಟಬೇಕಾಯ್ತು. ಆ ಕೇಸಿನ ಒಂದು ಮುಖ್ಯ ಆರೋಪ, ವಾಯ್ಸ್ ಚಾಟ್ ಮೊದಲಿಂದಲೇ ಆನ್ ಆಗಿರ್ತಿತ್ತು, ಮಕ್ಕಳು ಅಪರಿಚಿತರ ಜೊತೆ ನೇರ ಮಾತಿಗೆ ಸಿಗ್ತಿದ್ರು ಅನ್ನೋದು.

ನಮ್ಮ ದೇಶದ ಕತೆ

ಇನ್ನು ನಮ್ಮ ಕಡೆ ಬರೋಣ. ಭಾರತದ ಐಟಿ ಕಾಯ್ದೆ ಬಂದಿದ್ದು 2000ದಲ್ಲಿ. ಅದರ ಗಮನ ಇದ್ದದ್ದು ಆನ್‌ಲೈನ್ ವ್ಯವಹಾರದ ಮೇಲೆ. ಮಕ್ಕಳಿಗೆ ಅಂತ ಒಂದು ಕಲಂ ಕೂಡ ಇರಲಿಲ್ಲ.

2004ರ ಕೊನೆಯಲ್ಲಿ ದೆಹಲಿಯಲ್ಲಿ ಒಂದು ಪ್ರಕರಣ ನಡೀತು. ಶಾಲೆಗೆ ಹೋಗೋ ಇಬ್ಬರು ಮಕ್ಕಳ ಖಾಸಗಿ ಕ್ಷಣದ ವಿಡಿಯೋ ಫೋನಿಂದ ಫೋನಿಗೆ ಹರಿದಾಡ್ತು. ಎಂಎಂಎಸ್ ಕಾಲ ಅದು. ಕೊನೆಗೆ ಬಾಝೀ ಡಾಟ್ ಕಾಮ್ ಅನ್ನೋ ಹರಾಜು ಸೈಟಿನಲ್ಲಿ ಆ ತುಣುಕು ಮಾರಾಟಕ್ಕೂ ಬಂತು. ಪೊಲೀಸರು ಆ ಕಂಪನಿಯ ಮುಖ್ಯಸ್ಥರನ್ನ ಬಂಧಿಸಿದ್ರು. ಮುಂದೆ 2012ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಅವರ ಮೇಲಿನ ಕೇಸ್ ರದ್ದಾಯ್ತು. ದೇಶದಲ್ಲಿ ಆಗ ನಡೆದ ಚರ್ಚೆ ಬಹುತೇಕ ಎರಡೇ ವಿಷಯದ ಮೇಲೆ. ಶಾಲೆಗಳಲ್ಲಿ ಮೊಬೈಲ್ ನಿಷೇಧ ಮಾಡಬೇಕಾ, ವೆಬ್‌ಸೈಟ್ ಮಾಲೀಕ ಹೊಣೆನಾ. ಆ ಇಬ್ಬರು ಮಕ್ಕಳಿಗೆ ಆದ ಅನ್ಯಾಯಕ್ಕೆ ಒಂದು ಹೆಸರು ಕೂಡ ಕಾನೂನಿನಲ್ಲಿ ಇರಲಿಲ್ಲ. ಇದ್ದದ್ದು 'ಅಶ್ಲೀಲ' ಅನ್ನೋ ಒಂದೇ ಪದ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರು ಅಂತಾರಲ್ಲ, ಹಾಗೆ 2008ರ ಡಿಸೆಂಬರ್‌ನಲ್ಲಿ ಐಟಿ ಕಾಯ್ದೆಗೆ ತಿದ್ದುಪಡಿ ಆಯ್ತು. 2009ರ ಅಕ್ಟೋಬರ್ 27ರಿಂದ ಜಾರಿ. ಅದರಲ್ಲಿ ಬಂದಿದ್ದು 67ಬಿ ಕಲಂ. 18 ವರ್ಷದೊಳಗಿನವರ ಲೈಂಗಿಕ ಚಿತ್ರ, ವಿಡಿಯೋ ಮಾಡೋದು, ಹಂಚೋದು, ಹುಡುಕಿ ಡೌನ್‌ಲೋಡ್ ಮಾಡೋದು, ಮಕ್ಕಳನ್ನ ಆನ್‌ಲೈನ್‌ನಲ್ಲಿ ಪುಸಲಾಯಿಸೋದು, ಎಲ್ಲಾ ಅಪರಾಧ. ಮೊದಲ ಸಲವೇ 5 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ. ಆಮೇಲೆ 2012ರ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯ ದಿನವೇ, ಪೋಕ್ಸೋ ಕಾಯ್ದೆ ಜಾರಿಗೆ ಬಂತು. 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಮಾತು ಹೇಳ್ತು. ಇಂಥ ವಿಡಿಯೋಗಳನ್ನ ಮಕ್ಕಳ ಪೋರ್ನ್ ಅಂತ ಕರೀಬೇಡಿ, ಅದು ಮಗುವಿನ ಮೇಲೆ ನಡೆದ ದೌರ್ಜನ್ಯದ ದಾಖಲೆ ಅಂತ. ಗ್ರೂಪಿಗೆ ಬಂದ ಅಂಥದ್ದೊಂದನ್ನ 'ನೋಡ್ರೋ' ಅಂತ ಮುಂದಕ್ಕೆ ತಳ್ಳೋರು ಈ ಮಾತನ್ನ ಕಿವಿಗೆ ಹಾಕ್ಕೋಬೇಕು.

ಮಕ್ಕಳ ರಕ್ಷಣೆಯ ವಿಡಿಯೋ ಕೊಲೆಗೆ ಕಾರಣ ಆದಾಗ

ಇಲ್ಲಿವರೆಗೆ ಹೇಳಿದ್ದೆಲ್ಲ ಒಂದೇ ಯೋಚನೆ ಮೇಲೆ ನಿಂತಿದೆ. ಅಪಾಯ ಇರೋದು ಮಕ್ಕಳಿಗೆ, ದೊಡ್ಡೋರಿಗೆ ಎಲ್ಲಾ ಗೊತ್ತು ಅಂತ. 2018 ಅದನ್ನ ಸುಳ್ಳು ಮಾಡ್ತು.

ಆ ವರ್ಷ ಒಂದು ವಿಡಿಯೋ ವಾಟ್ಸ್ಆ್ಯಪ್‌ನಲ್ಲಿ ಓಡಾಡ್ತಿತ್ತು. ಬೈಕಿನಲ್ಲಿ ಬಂದ ಇಬ್ಬರು ರಸ್ತೆಯಲ್ಲಿ ಆಡ್ತಿದ್ದ ಮಗುವನ್ನ ಎತ್ಕೊಂಡು ಹೋಗೋ ದೃಶ್ಯ. ಮಕ್ಕಳ ಕಳ್ಳರು ಬಂದಿದ್ದಾರೆ, ಹುಷಾರ್ ಅನ್ನೋ ಮೆಸೇಜ್ ಜೊತೆಗೆ. ನಿಜ ಏನಪ್ಪಾ ಅಂದ್ರೆ, ಅದು ಪಾಕಿಸ್ತಾನದ ಕರಾಚಿಯಲ್ಲಿ ಮಾಡಿದ ಜಾಗೃತಿ ಚಿತ್ರ. ಮಕ್ಕಳ ಮೇಲೆ ಗಮನ ಇಡಿ ಅಂತ ಹೇಳೋಕೆ ನಟರನ್ನ ಇಟ್ಟು ತೆಗೆದದ್ದು. ಕೊನೆಯಲ್ಲಿ ಮಗುವನ್ನ ವಾಪಸ್ ತಂದು ಬಿಡೋ ದೃಶ್ಯ ಇತ್ತು. ಯಾರೋ ಆ ಕೊನೆಯನ್ನ ಕತ್ತರಿಸಿದ್ರು. ಅಷ್ಟೇ ಸಾಕಾಯ್ತು.

2018ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೂಲಿ ಅರಸಿ ಬಂದಿದ್ದ ರಾಜಸ್ಥಾನದ ಯುವಕನನ್ನ ಮಕ್ಕಳ ಕಳ್ಳ ಅಂದ್ಕೊಂಡು ಗುಂಪು ಹೊಡೆದು ಸಾಯಿಸ್ತು. ಜುಲೈ 13ರಂದು ಬೀದರ್ ಜಿಲ್ಲೆ ಔರಾದ್ ತಾಲ್ಲೂಕಿನ ಮುರ್ಕಿ. ಹೈದರಾಬಾದಿನಿಂದ ಬಂದಿದ್ದ ಗೆಳೆಯರು ದಾರಿಯಲ್ಲಿ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ರು. ಅದೇ ಅನುಮಾನಕ್ಕೆ ಕಾರಣ ಆಯ್ತು. ಅವರು ಕಾರಿನಲ್ಲಿ ಹೊರಟ್ರೆ, ಮೆಸೇಜು ಕಾರಿಗಿಂತ ವೇಗವಾಗಿ ಮುಂದಿನ ಊರು ತಲುಪಿತ್ತು. ಅಲ್ಲಿ ಗುಂಪು ಕಾಯ್ತಿತ್ತು. ಒಬ್ಬರು ಅಲ್ಲೇ ಪ್ರಾಣ ಬಿಟ್ರು. ಒಂದು ವಾರದೊಳಗೆ ವಾಟ್ಸ್ಆ್ಯಪ್ ಭಾರತದಲ್ಲಿ ಒಂದು ಸಲಕ್ಕೆ ಐದು ಚಾಟ್‌ಗೆ ಮಾತ್ರ ಫಾರ್ವರ್ಡ್ ಅನ್ನೋ ಮಿತಿ ಪ್ರಕಟಿಸ್ತು. ನಿಮ್ಮ ಫೋನಿನಲ್ಲಿ ಇವತ್ತಿಗೂ ಇರೋ ಆ ಮಿತಿಯ ಹಿಂದೆ ಈ ಸಾವುಗಳಿವೆ.

ಈಗ ಹೇಳಿ. ಫಾರ್ವರ್ಡ್ ಮಾಡಿದೋರು, ಗುಂಪು ಕಟ್ಟಿದೋರು 13ರ ಗೇಟ್ ಯಾವತ್ತೋ ದಾಟಿದ್ದ ದೊಡ್ಡೋರು. ಯಾವ ವಯಸ್ಸಿನ ಮಿತಿ ಇದನ್ನ ತಡೀತಿತ್ತು?

ಪಕ್ಕದ ಕಣ್ಣೂರಿನ ಪಾಠ

ನಮ್ಮ ಕೊಡಗಿನ ಗಡಿಗೇ ಹೊಂದಿಕೊಂಡಿರೋ ಕೇರಳದ ಕಣ್ಣೂರು ಜಿಲ್ಲೆ ಅದೇ 2018ರಲ್ಲಿ ಬೇರೆ ದಾರಿ ಹಿಡೀತು. ಅಲ್ಲಿ ದಡಾರ, ರುಬೆಲ್ಲಾ ಲಸಿಕೆ ಬಗ್ಗೆ ವಾಟ್ಸ್ಆ್ಯಪ್ ವದಂತಿ ಹರಡಿ ಪೋಷಕರು ಮಕ್ಕಳಿಗೆ ಲಸಿಕೆ ಹಾಕಿಸೋಕೆ ಹಿಂದೇಟು ಹಾಕಿದ್ರು. ಆಮೇಲೆ ಕೇರಳಕ್ಕೆ ನಿಫಾ ಬಂತು, ಅದರ ಜೊತೆಗೂ ವದಂತಿ. ಆಗಿನ ಜಿಲ್ಲಾಧಿಕಾರಿ ಮೀರ್ ಮೊಹಮ್ಮದ್ ಅಲಿ 'ಸತ್ಯಮೇವ ಜಯತೆ' ಅನ್ನೋ ಹೆಸರಲ್ಲಿ ಸುಮಾರು 150 ಸರ್ಕಾರಿ ಶಾಲೆಗಳಲ್ಲಿ ಪಾಠ ಶುರು ಮಾಡಿಸಿದ್ರು. ಸುಳ್ಳು ಸುದ್ದಿ ಅಂದ್ರೆ ಏನು, ತಲೆಬರಹ ಯಾಕೆ ಹಾಗಿರುತ್ತೆ, ನಾವು ನಂಬಿರೋದನ್ನೇ ನಮಗೆ ಮತ್ತೆ ಮತ್ತೆ ಯಾಕೆ ತೋರಿಸ್ತಾರೆ, ಇವೇ ಪಾಠ. ಮಕ್ಕಳಿಗೆ ಕಲಿಸಿದ್ರೆ ಅದು ಮನೆಗೂ ಹೋಗುತ್ತೆ ಅನ್ನೋದು ಲೆಕ್ಕ. ಫ್ಯಾಮಿಲಿ ಗ್ರೂಪಿನಲ್ಲಿ ಚಿಕ್ಕಪ್ಪ ಕಳಿಸಿದ್ದಕ್ಕೆ 'ಇದು ಎಲ್ಲಿಂದ ಬಂತು ಚಿಕ್ಕಪ್ಪ?' ಅಂತ ಕೇಳೋ ಒಂದು ಮಗು ಸಾಕು ಅಂತ.

ಬಾಗಿಲು ಮುಚ್ಚೋದಾ, ತೆರೆಯೋದಾ?

2020ರ ಜೂನ್. ಕೋವಿಡ್‌ನಿಂದ ಶಾಲೆ ಮುಚ್ಚಿತ್ತು. ಚಿಕ್ಕ ಮಕ್ಕಳನ್ನ ಸ್ಕ್ರೀನ್ ಮುಂದೆ ಕೂರಿಸೋದು ಸರಿಯಲ್ಲ ಅಂತ ಕರ್ನಾಟಕ ಸರ್ಕಾರ ಎಲ್‌ಕೆಜಿಯಿಂದ 5ನೇ ತರಗತಿವರೆಗೆ ಆನ್‌ಲೈನ್ ಕ್ಲಾಸ್ ನಿಲ್ಲಿಸ್ತು. ಕಾಳಜಿ ಸುಳ್ಳಲ್ಲ. ತಂತ್ರಜ್ಞಾನದ ಗೀಳಿಗೆ ಅಂತಲೇ ನಮ್ಮ ನಿಮ್ಹಾನ್ಸ್ 2014ರಲ್ಲೇ 'ಶಟ್' ಕ್ಲಿನಿಕ್ ತೆರೆದಿತ್ತು. ಆದರೆ ಜುಲೈ 8ರಂದು ಹೈಕೋರ್ಟ್ ಸರ್ಕಾರದ ಆದೇಶಕ್ಕೆ ತಡೆ ಕೊಡ್ತು. ಮೇಲ್ನೋಟಕ್ಕೆ ಇದು ಶಿಕ್ಷಣದ ಮೂಲಭೂತ ಹಕ್ಕಿಗೇ ಧಕ್ಕೆ ಅಂತ.

ಮೂರು ವರ್ಷ ಆದ ಮೇಲೆ, 2023ರ ಸೆಪ್ಟೆಂಬರ್‌ನಲ್ಲಿ, ಅದೇ ಹೈಕೋರ್ಟ್‌ನ ಇನ್ನೊಂದು ಪೀಠ ವಿಚಾರಣೆ ವೇಳೆ ಮೌಖಿಕವಾಗಿ ಹೇಳಿದ್ದು, ಶಾಲಾ ಮಕ್ಕಳಿಗೆ ಸೋಷಿಯಲ್ ಮೀಡಿಯಾ ಬೇಡ, 21 ಅಂತ ಮಿತಿ ಇಟ್ರೂ ಆಗಬಹುದು ಅಂತ. ಎರಡೂ ಕಾಳಜಿಯ ಮಾತೇ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಈ ಸಮಸ್ಯೆ ಎಷ್ಟು ಗಟ್ಟಿ ಅಂತ ಗೊತ್ತಾಗುತ್ತೆ. ಪಾಠ ಬರೋದೂ, ಬಲೆ ಬರೋದೂ ಒಂದೇ ಫೋನಿನಲ್ಲಿ.

ಈಗ ನಂಬರ್ ಮತ್ತೆ ಬದಲಾಗ್ತಿದೆ. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ ಸೋಷಿಯಲ್ ಮೀಡಿಯಾ ಅಕೌಂಟ್‌ಗೆ 16. ದಂಡ ಕಂಪನಿಗೆ, ಮಕ್ಕಳಿಗಾಗಲಿ ಪೋಷಕರಿಗಾಗಲಿ ಅಲ್ಲ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ 18. ಆ ವಯಸ್ಸಿನ ಒಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು. ಮಕ್ಕಳ ಚಲನವಲನ ಹಿಂಬಾಲಿಸಿ ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸೋ ಹಾಗಿಲ್ಲ. ಈ ಎರಡನೇ ಭಾಗ ನಿಜಕ್ಕೂ ದೊಡ್ಡದು, ಯಾಕಂದ್ರೆ ಅದು ಮಗುವನ್ನ ಅಲ್ಲ, ವ್ಯಾಪಾರವನ್ನ ತಡೆಯೋ ನಿಯಮ.

ಈ ಕಾಯ್ದೆಯ ಬೇರಿನಲ್ಲಿ ಒಬ್ಬ ಕನ್ನಡಿಗರಿದ್ದಾರೆ. ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿರುದ್ಧ 2012ರಲ್ಲಿ ಅವರು ಹಾಕಿದ ಅರ್ಜಿಯಿಂದಲೇ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಅನ್ನೋ ತೀರ್ಪು ಬಂದಿದ್ದು. ಅದರಲ್ಲಿ ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಮಕ್ಕಳ ಬಗ್ಗೆಯೂ ಬರೆದ್ರು. ಬಾಲ್ಯದಲ್ಲಿ ತಿಳೀದೆ ಮಾಡಿದ ತಪ್ಪಿನ ಗುರುತು ಜೀವನಪೂರ್ತಿ ಬೆನ್ನು ಹತ್ತಬಾರದು ಅನ್ನೋದು ಅವರ ಮಾತಿನ ಅರ್ಥ.

ಆದರೆ 1998ರ ಆ ಪ್ರಶ್ನೆ ಇಲ್ಲೂ ಬಂದು ನಿಲ್ಲುತ್ತೆ. 17 ವರ್ಷದ ಹುಡುಗಿ, ಮನೆಯಲ್ಲೇ ತೊಂದರೆ. ಅವಳು ಸಹಾಯ ಹುಡುಕೋಕೂ ಅದೇ ಮನೆಯವರ ಒಪ್ಪಿಗೆ ಬೇಕಾ? ಒಂದೇ ಫೋನನ್ನ ಅಣ್ಣ, ತಂಗಿ, ಅಮ್ಮ ಮೂರೂ ಜನ ಬಳಸೋ ಮನೆಯಲ್ಲಿ ಯಾರ ವಯಸ್ಸು ಲೆಕ್ಕಕ್ಕೆ?

ಗೇಟ್ ದಾಟಿದ ಮೇಲೆ

ಈ ಚರಿತ್ರೆಯಿಂದ ನನಗೆ ಕಾಣೋದು ಇಷ್ಟು. ಮೂವತ್ತು ವರ್ಷದಿಂದ ನಾವು ಗೇಟಿನ ಎತ್ತರದ ಬಗ್ಗೆ ಜಗಳ ಆಡ್ತಿದ್ದೀವಿ. 13, 16, 18, 21. ಗೇಟ್ ದಾಟಿದ ಮೇಲೆ ಹೇಗಿರಬೇಕು ಅಂತ ಕಲಿಸಿದ್ದು ಕಡಿಮೆ. ಹಳ್ಳಿಗಾಡಿನ ಮಕ್ಕಳ ಬಗ್ಗೆ 2024ರ ಅಸರ್ ಸಮೀಕ್ಷೆ ನೋಡಿ. 14ರಿಂದ 16 ವರ್ಷದವರಲ್ಲಿ ಶೇ 80ಕ್ಕಿಂತ ಹೆಚ್ಚು ಮಕ್ಕಳಿಗೆ ಸ್ಮಾರ್ಟ್‌ಫೋನ್ ಬಳಸೋಕೆ ಬರುತ್ತೆ. ಆದರೆ ಸೋಷಿಯಲ್ ಮೀಡಿಯಾ ಬಳಸೋರಲ್ಲಿ ಪ್ರೊಫೈಲ್‌ನ ಪ್ರೈವೇಟ್ ಮಾಡೋಕೆ ಗೊತ್ತಿರೋದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜನಕ್ಕೆ ಮಾತ್ರ. ಕಾರು ಓಡಿಸೋಕೆ ಬರುತ್ತೆ, ಬ್ರೇಕ್ ಎಲ್ಲಿದೆ ಗೊತ್ತಿಲ್ಲ ಅನ್ನೋ ಪರಿಸ್ಥಿತಿ.

ಅದಕ್ಕೇ ಮನೆಯಲ್ಲಿ ತಮ್ಮನೋ ತಂಗಿಯೋ ಇದ್ರೆ, ಇವತ್ತೇ ಹತ್ತು ನಿಮಿಷ ಕೂತ್ಕೊಳ್ಳಿ. ಅಕೌಂಟ್‌ನಲ್ಲಿರೋ ಹುಟ್ಟಿದ ದಿನಾಂಕ ಸರಿ ಇದೆಯಾ ನೋಡಿ. ಪ್ರೈವೇಟ್ ಮಾಡೋದು, ಬ್ಲಾಕ್ ಮಾಡೋದು, ರಿಪೋರ್ಟ್ ಮಾಡೋದು ಎಲ್ಲಿ ಅಂತ ಅವರ ಕೈಯಲ್ಲೇ ಮಾಡಿಸಿ. ಯಾರಾದ್ರೂ ಫೋಟೋ ಇಟ್ಕೊಂಡು ಹೆದರಿಸಿದ್ರೆ ದುಡ್ಡು ಕೊಡಬಾರದು, ಇನ್ನೊಂದು ಫೋಟೋ ಕಳಿಸಬಾರದು, ಮೆಸೇಜ್ ಡಿಲೀಟ್ ಮಾಡದೆ ಸ್ಕ್ರೀನ್‌ಶಾಟ್ ಇಟ್ಕೋಬೇಕು ಅಂತ ಹೇಳಿ. ಮಕ್ಕಳ ಸಹಾಯವಾಣಿ 1098. ದುಡ್ಡಿನ ಸೈಬರ್ ವಂಚನೆಗೆ 1930. ಆನ್‌ಲೈನ್ ದೂರಿಗೆ ಕೇಂದ್ರ ಸರ್ಕಾರದ ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್.

ಎಲ್ಲಕ್ಕಿಂತ ಮುಖ್ಯವಾಗಿ ಇನ್ನೊಂದು ಮಾತು ಹೇಳಿ: 'ಏನೇ ಆದ್ರೂ ಮೊದಲು ನನ್ನತ್ರ ಬಾ, ಬೈಯಲ್ಲ, ಫೋನ್ ಕಿತ್ಕೊಳ್ಳಲ್ಲ.' ಬೈಗುಳಕ್ಕೆ, ಫೋನ್ ಹೋಗುತ್ತೆ ಅನ್ನೋ ಭಯಕ್ಕೆ ಬಾಯಿ ಮುಚ್ಕೊಳ್ಳೋ ಮಗುವಿಗೆ ಯಾವ ಕಾನೂನೂ ತಲುಪಲ್ಲ. ದೂರು ಕೊಡಬೇಕಾದ್ರೆ ಮೊದಲು ಒಬ್ಬರಿಗಾದ್ರೂ ಹೇಳಬೇಕಲ್ಲ?

ಇವತ್ತಿಗೆ ಇಷ್ಟು. ಈ ಸಂಚಿಕೆಯನ್ನ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಕಳಿಸಿ. ಆದರೆ ಪೂರ್ತಿ ಕೇಳಿ, ಆಮೇಲೆ ಫಾರ್ವರ್ಡ್ ಮಾಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.